ಕೊಳ್ಳ ಹರಿಯದ ಮೋಟರು

ಅಮರಗುಂಡಪ್ಪ ಮೋಟರು ತಗೊಂಡಿದ್ದು ಅಡ್ಡಾಡಾಕ ಅಲ್ಲ, ಬಾಯಿಂದ ಜಾರಿದ ಒಂದು ಮಾತು ಖರೇ ಮಾಡಾಕ. ಇದನ್ನ ಮೊದಲ ಹೇಳಿಬಿಡತೀನಿ, ಯಾಕಂದ್ರ ನಮ್ಮ ಮಸ್ಕಿ ಮಂದಿ ಈ ಸುದ್ದಿ ಹೇಳುವಾಗ ಎತ್ತು, ಭೂತ, ಪೊಲೀಸ್ರು ಎಲ್ಲಾ ಸೇರಿಸಿ ಹೇಳತಾರ. ಭೂತ ಇರಲಿಲ್ಲ. ಪೊಲೀಸ್ರೂ ಇರಲಿಲ್ಲ. ಎತ್ತು ಇದ್ವು, ಅವು ಕಡೀಕ ಬರ್ತಾವ.

ನನ್ನ ಅರಿವಿ ಅಂಗಡಿಗೂ ಅವನ ಬೆಲ್ಲದ ಅಂಗಡಿಗೂ ನಡುವ ಒಂದ ಗ್ವಾಡಿ. ಅಂಗಡಿ ಹಿಂದ ಅವನ ಮನಿ. ಆ ಮನಿ ಸುದ್ದಿ ಅವನಿಗಿಂತ ಒಂದು ಗಳಿಗಿ ಮೊದಲು ನನಗ ಗೊತ್ತಾಗತಿತ್ತು. ಸಿಂಧನೂರ ಕಡೆ ಕಾಲುವಿ ತೋಡೋ ಕೆಲಸ ಜೋರು ನಡದಿದ್ದ ವರ್ಷ ಅದು. ಲಿಂಗಸುಗೂರಿನ ಹತ್ತಿ ದಲಾಲಿ ಸಂಗನಬಸಪ್ಪ ತನ್ನ ಮಗ ಜಂಬಣ್ಣನ್ನ ಕರಕೊಂಡು, ಅಮರಗುಂಡಪ್ಪನ ಮಗಳು ಅಂಬಮ್ಮನ್ನ ನೋಡಾಕ ಬಂದಿದ್ದ. ಹುಡುಗ ಒಪ್ಪಿದ. ಹುಡುಗಿ ಒಪ್ಪಿದ್ದು ಯಾರೂ ಕೇಳಲಿಲ್ಲ, ಆದ್ರ ತಾಯಿ ಇಲ್ಲದ ಆ ಹುಡುಗಿ, ಅಜ್ಜಿ ಕೈಯಾಗ ಬೆಳದು ಮಾತಾಡೋದ ಕಮ್ಮಿ ಇದ್ದಾಕಿ, ಅವತ್ತು ಸಂಜೀಕ ರೊಟ್ಟಿ ಬಡಿತಾ ಹಾಡು ಹೇಳಾಕತ್ತಿದ್ದು ಗ್ವಾಡಿ ದಾಟಿ ನನಗ ಕೇಳ್ತು. ಇನ್ನ ಉಳದದ್ದು ಒಂದು ಕೆಲಸ. ಹುಡುಗಿ ಕಡಿಯವರು ಲಿಂಗಸುಗೂರಿಗೆ ಹೋಗಿ, ಮನಿ ನೋಡಿ, ವೀಳ್ಯ ಬದಲಿ ಮಾಡಿ ಬರಬೇಕು. ವೀಳ್ಯ ಬದಲಾದ್ರ ಲಗ್ನ ಗಟ್ಟಿ.

ಹೋಗುವಾಗ ಸಂಗನಬಸಪ್ಪ ಮರ್ಯಾದಿಗೆ ಒಂದು ಮಾತು ಹೇಳಿದ. "ಬರೋ ದಿನ ಹೇಳಿ ಕಳಸ್ರಿ ಬೀಗರ. ಬಸ್ಸು ನಿಂದ್ರೋ ಕಡಿಗೆ ಗಾಡಿ ಕಳಸ್ತೀನಿ."

"ಗಾಡಿ ಯಾಕ್ರಿ," ಅಂದ ಅಮರಗುಂಡಪ್ಪ, "ನಮ್ಮ ಮೋಟರಿನ್ಯಾಗ ಬರ್ತೀವಿ."

ಆಗ ಅವನ ಹತ್ರ ಇದ್ದಿದ್ದು ಒಂದು ಛತ್ರಿ. ಅದರದೂ ಎರಡು ಕಡ್ಡಿ ಮುರದಿದ್ವು.

"ಯಾವ ಮೋಟರೋ?" ಅಂತ ಕೇಳಿದೆ, ಅವರು ಹೋದ ಮ್ಯಾಲೆ.

"ಬಾಯಿಂದ ಹೋತು ಪಂಪಣ್ಣ. ಅಂವ ಗಾಡಿ ಅಂದ, ನನಗ ಗಾಡಿಗಿಂತ ದೊಡ್ಡದು ನೆನಪಾತು."

"ಬಸ್ಸಿಗೆ ಬರ್ತೀವಿ ಅಂತ ಹೇಳಿ ಕಳಸು, ಮುಗೀತು."

"ಬೀಗರ ಮುಂದ ಆಡಿದ ಮಾತು ತಿರುಗಿ ತಗಳ್ಳಾಕ ಅದೇನು ತೂಕ ತಪ್ಪಿದ ಬೆಲ್ಲಾನ?"

ಹಂಗಂದಾಂವ ಸಿಂಧನೂರಿಗೆ ಹೋಗಿ, ಕಾಲುವಿ ಕೆಲಸ ಮುಗಿಸಿ ಊರಿಗೆ ಹೊಂಟಿದ್ದ ಒಬ್ಬ ತೆಲುಗು ಗುತ್ತೇದಾರನ ಹಳೇ ಮೋಟರು ಹೊಡಕೊಂಡು ಬಂದ. ಹೊಡದಾಂವ ಅವನಲ್ಲ, ನಮ್ಮೂರ ಮಹಮ್ಮದಸಾಬ. ಆ ಗುತ್ತೇದಾರನ ಹತ್ರ ಡ್ರೈವರ್ ಆಗಿದ್ದ ಮಹಮ್ಮದಸಾಬ ಮೋಟರಿನ ಜೋಡಿ ಬಳುವಳಿ ಬಂದಂಗ ಬಂದ. ಸಿಂಧನೂರಿಂದ ಮಸ್ಕಿತನಕಾ ಬೆಣ್ಣ್ಯಾಗಿನ ಕೂದಲು ತಗದಂಗ ಬಂದೈತಿ ಮೋಟರು. ಇದು ನೆನಪಿರಲಿ.

ಊರಿಗೆ ಊರ ಕೂಡ್ತು. ಅಮರಗುಂಡಪ್ಪನ ತಾಯಿ ಗುರುಲಿಂಗಮ್ಮ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಾನ ಕೇಳಿದಳು, "ಮಹಮ್ಮದಸಾಬ, ಇದರಾಗ ಮೊದಲು ಏನೇನು ಹೇರತಿದ್ರೋ?"

ಮಹಮ್ಮದಸಾಬನಿಗೆ ಒಂದ ಕೆಟ್ಟ ಚಟ, ಕೇಳಿದ್ದಕ್ಕ ಖರೇ ಹೇಳೋದು. "ಸಿಮೆಂಟು ಹೇರತಿದ್ವಿರಿ, ಇಂಜಿನೇರ ಸಾಹೇಬರನ್ನ ಹೇರತಿದ್ವಿ. ಐತವಾರಕ್ಕೊಮ್ಮೆ ಕೋಳಿ."

"ಕೋಳಿ ಹತ್ತಿದ ಮೋಟರಿನ್ಯಾಗ ನಾ ಲಿಂಗ ಕಟಗೊಂಡು ಕುಂದ್ರಂಗಿಲ್ಲ," ಅಂದು ಮುದುಕಿ ಒಳಗ ಹೋದಳು.

ಮನಿ ಹಿರ್ಯಾಕಿ ಇಲ್ಲದ ವೀಳ್ಯ ಬದಲಾಗಂಗಿಲ್ಲ. ಹಂಗಾಗಿ ಮಠದ ಕರಿಬಸಯ್ಯನವರು ಬಂದ್ರು. ಮೋಟರಿಗೆ ಮೈ ತೊಳಸಿದ್ರು. ಎರಡೂ ದೀಪಕ್ಕ ಮೂರು ಮೂರು ಬಟ್ಟು ವಿಭೂತಿ ಎಳದ್ರು. ಕಾಯಿ ಒಡದು ಹೇಳಿದ್ರು, "ಇನ್ನ ಇದು ಕೋಳಿ ಮೋಟರಲ್ಲ ತಾಯಿ. ನಿಮ್ಮ ಮನಿ ಮಗಾ ಇದ್ದಂಗ."

ಅಯ್ಯನವರು ಇಂಥಾ ಮಾತು ದಿನಾ ನಾಕು ಕಡೆ ಆಡತಾರ. ಕೇಳಿದಾವರು ತಲಿ ಆಡಿಸಿ ಮರೀತಾರ. ಗುರುಲಿಂಗಮ್ಮ ಮರಿಯೋ ಪೈಕಿ ಅಲ್ಲ.

ಆಕಿ ರೀತಿ ಊರಿಗೆಲ್ಲಾ ಗೊತ್ತು. ಮುಂಜಾನಿ ಎದ್ದು ಅಯ್ಯನವರ ಪಾದ ತೊಳದು, ಆ ಪಾದೋದಕ ಒಂದು ಗಿಂಡ್ಯಾಗ ಹಿಡಕೊಂಡು ಮನಿ ಸುತ್ತಾಕಿ. ಮಗನಿಗೆ, ಮೊಮ್ಮಗಳಿಗೆ, ಅಂಗಡಿ ಆಳಿಗೆ, ಎಮ್ಮಿಗೆ, ಎಮ್ಮಿ ಕರಕ್ಕ. ನನಗೂ ಗ್ವಾಡಿ ಮ್ಯಾಲಿಂದ ಒಂದು ಗುಟುಕು. ಎಲ್ಲಾರಿಗೂ ಆದ ಮ್ಯಾಲೆ ತಾನು.

ಅಯ್ಯನವರು ಬಂದು ಹೋದ ಮರದಿನ ಮೋಟರಿಗೆ ಜಡ್ಡು ಹತ್ತಿತು.

ಮಹಮ್ಮದಸಾಬ ಹ್ಯಾಂಡಲ್ ಹೊಡದ. ಮೋಟರು ಎದ್ದೇನೋ ಎದ್ದಿತು, ಆದ್ರ ನಿಂತಲ್ಲೇ ಬಿಕ್ಕಾಕ ಹತ್ತಿತು. ಗುಡುಗುಡು ಅಂತೈತಿ, ಒಂದು ಗಳಿಗಿ ಸುಮ್ಮನಾಗತೈತಿ, ಮತ್ತ ಮೈ ಝಾಡಿಸಿ ಗುಡುಗುಡು ಅಂತೈತಿ. ಮ್ಯಾಲೆ ಇಟ್ಟಿದ್ದ ಅಮರಗುಂಡಪ್ಪನ ರುಮಾಲು ಕುಣಕೋತ ಬಂದು ಕೆಳಗ ಬಿತ್ತು. ಆಮ್ಯಾಗ ಫುಸ್ ಅಂತ ನಿಂತ ಮೋಟರು, ಮುಂದಿನ ಕಬ್ಬಿಣದ ಹ್ಯಾಂಡಲ್ ಎಷ್ಟು ತಿರುವಿ ಹೊಡದ್ರೂ ಏಳವಲ್ದು.

ಮಹಮ್ಮದಸಾಬ ಪ್ಲಗ್ಗು ಬಿಚ್ಚಿದ, ವರಸಿದ, ಊದಿದ, ಹಾಕಿದ. "ಕಿಡಿ ಬರಾಕತ್ತೈತ್ರಿ ಸಾವ್ಕಾರ್ರ. ಪೆಟ್ರೋಲ್ ಐತಿ. ಹವಾ ಐತಿ. ಎಲ್ಲಾ ಐತಿ, ಆದ್ರ ಮನಸ್ಸಿಲ್ಲ ಇದಕ್ಕ."

"ಮೋಟರಿಗೆ ಎಂಥಾ ಮನಸ್ಸೋ?"

"ತೆಲುಗಿನಾಗ ಬೆಳದ ಗಾಡಿರಿ ಇದು. ನಮ್ಮ ಮಾತು ತಿಳಿವಲ್ದು. ಆ ಗುತ್ತೇದಾರ ಬೈದು ಬೈದು ಹೊಡಿತಿದ್ದ."

ಅಮರಗುಂಡಪ್ಪನಿಗೆ ಬೆಲ್ಲದ ವ್ಯಾಪಾರದಾಗ ಬಂದಿದ್ದ ತೆಲುಗು ನಾಕ ಮಾತು, ಅದರಾಗ ಬೈಗಳ ಇರಲಿಲ್ಲ. ಮೋಟರಿನ ಮುಂದ ನಿಂತು ಕೈ ಮುಗದು, "ರಾ ಅಮ್ಮಾ, ದಯಚೇಸಿ ರಾ," ಅಂದ. ಮೋಟರು ಬರಲಿಲ್ಲ. ಬೆಲ್ಲ ತಗಳ್ಳಾಕ ಬಂದಿದ್ದ ತೆಲುಗು ಹೆಣ್ಮಗಳೊಬ್ಬಾಕಿ ನನ್ನನ್ನೇನು ಕರದಿರಿ ಅಂತ ತಿರುಗಿ ನಿಂತಳು.

ಮೂರನೇ ದಿನ ದನದ ವೈದ್ಯ ಹುಸೇನಪ್ಪನ್ನ ಕರಸಿದ್ವಿ. ನಗಬ್ಯಾಡ್ರಿ. ಮೋಟರಿಗೆ ವೈದ್ಯ ಬೇಕಂದ್ರ ರಾಯಚೂರಿಗೆ ಹೋಗಬೇಕು, ಅಲ್ಲಿಗೆ ಹೋಗಾಕ ಮೋಟರು ಬೇಕು. ಹುಸೇನಪ್ಪ ಅದರ ಮೈಗೆ ಕಿವಿ ಹಚ್ಚಿ ಕೇಳಿದ, ಬಡದು ನೋಡಿದ, ಹಿಂದ ಹೋಗಿ ಹೊಗಿ ಮೂಸಿದ. "ಹೊಟ್ಟಿ ಕೆಟ್ಟೈತಿ," ಅಂದ. "ಕುಡಿಯೋದ್ರಾಗ ಏನೋ ಹೆಚ್ಚು ಕಮ್ಮಿ ಆಗೇತಿ."

"ನಮ್ಮ ಮನ್ಯಾಗ ಕುಡಿಯಾಕ ಯಾರಿಗೂ ಕಮ್ಮಿ ಮಾಡಿಲ್ಲ ಹುಸೇನಪ್ಪ," ಅಂದಳು ಗುರುಲಿಂಗಮ್ಮ, ಸಿಟ್ಟಿನಿಂದ. ಅಜವಾನದ ಕಷಾಯ ಹಾಕಬೇಕು ಅಂತಿದ್ದ ಹುಸೇನಪ್ಪನ್ನ ಮಹಮ್ಮದಸಾಬ ತಡದು ಕಳಸಿದ.

ಇಷ್ಟು ದಿನದ ಗುದ್ದಾಟದಾಗ ತಿಳದದ್ದು ಒಂದು. ನಿಂತ ಮೋಟರನ್ನ ಹತ್ತು ಮಂದಿ ನೂಕಿದ್ರ, ಮೈ ಅಲುಗಾಡಿ ಹೆಂಗೋ ಹೊತ್ತಿಕೊಳ್ಳತೈತಿ. ಹೊತ್ತಿದ ಮ್ಯಾಲೆ ಬಿಕ್ಕೋತ ಬಿಕ್ಕೋತ ಓಡತೈತಿ. ನಿಂದ್ರಿಸಿದ್ರ ಮಾತ್ರ ಮತ್ತ ಏಳಂಗಿಲ್ಲ.

"ಹಂಗಾದ್ರ ನಿಂದ್ರಸೋದ ಬ್ಯಾಡ," ಅಂದ ಅಮರಗುಂಡಪ್ಪ. ದೊಡ್ಡ ಇಂಜಿನೇರರಿಗೂ ಹೊಳಿಯದ ಉಪಾಯ ಹೊಳದಂಗ ಮೀಸಿ ಮ್ಯಾಲೆ ಕೈ ಆಡಿಸಿದ.

ಹೋಗೋ ದಿನ ಅಂಬಮ್ಮ ಅಪ್ಪಗ ರುಮಾಲು ಕೊಡ್ತಾ ಸಣ್ಣಗ ಹೇಳಿದಳು, "ಅಪ್ಪಾ, ಬಸ್ಸಿಗೆ ಹೋಗ್ರಿ. ಮೋಟರು ಕೆಟ್ರ ಕೆಡ್ಲಿ, ಅಲ್ಲಿ ಮಾತು ಕೆಡಬಾರದು."

"ಮೋಟರು ಕಾಣದಿದ್ರನ ಮಾತು ಕೆಡೋದು, ಹುಚ್ಚಿ," ಅಂದ ಅಂವ.

ಅರ್ಧ ಮಸ್ಕಿ ನೂಕಿತು, ನಾವು ಹೊಂಟ್ವಿ. ಮುಂದ ಮಹಮ್ಮದಸಾಬನ ಬಾಜೂಕ ಅಮರಗುಂಡಪ್ಪ, ಹಿಂದ ಗುರುಲಿಂಗಮ್ಮ, ಆಕಿ ಬಾಜೂಕ ವೀಳ್ಯದ ತಟ್ಟಿ ಹಿಡಕೊಂಡು ನಾನು. ಮೋಟರು ಒಮ್ಮೆ ಬಿಕ್ಕಿದ್ರ ತಟ್ಟ್ಯಾಗಿನ ಅಡಕಿ ಒಮ್ಮೆ ಹಾರತಿದ್ವು. ದಾರ್‍ಯಾಗ ಒಬ್ಬಾಂವ ಹತ್ತಿಕೊಳ್ಳಾಕ ಕೈ ಮಾಡಿದ. "ನಿಂದ್ರಸಾಕ ಬರಂಗಿಲ್ಲಪಾ," ಅಂತ ಕೂಗಿದ ಅಮರಗುಂಡಪ್ಪ. ಆ ಮನುಷ್ಯಾ ಒಂದು ಹರದಾರಿ ನಮ್ಮ ಬಾಜೂಕ ನಡಕೋತ ಮಾತಾಡಿಕೋತ ಬಂದ. ಆಮ್ಯಾಗ ತನಗ ಅವಸರ ಐತಿ ಅಂತ ಮುಂದ ಹೋದ.

ಲಿಂಗಸುಗೂರಿನ್ಯಾಗ ಬೀಗರ ಅಂಗಳ ಸಾರಿಸಿ ರಂಗೋಲಿ ಹಾಕಿದ್ರು. ಸಂಗನಬಸಪ್ಪ ಜರಿ ಪಟಕಾ ಸುತ್ತಿಕೊಂಡು ಹೊರಗ ನಿಂತಿದ್ದ. ಹೊಸ್ತಿಲ ಮ್ಯಾಲೆ ಅವನ ತಾಯಿ ವೀರಭದ್ರಮ್ಮ ಕುಂತಿದ್ದಳು. ಆ ಮನ್ಯಾಗ ಸಂಗನಬಸಪ್ಪನ ಪಟಕಾ ದೊಡ್ಡದು, ಮಾತು ದೊಡ್ಡದು ವೀರಭದ್ರಮ್ಮಂದು. ಮೆಟ್ಟಿಲ ಹತ್ರ ಒಬ್ಬ ಹುಡುಗಿ ಕಾಲಿಗೆ ನೀರಿನ ತಂಬಿಗಿ ಹಿಡಕೊಂಡು ನಿಂತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬೀಗರ ಗಾಡಿ ಬಂತಂದ್ರ ಮೊದಲು ಕೊಳ್ಳ ಹರೀತಾರ, ಅಂದ್ರ ನೊಗ ಇಳಿಸಿ ಎತ್ತು ಬಿಡತಾರ. ಆಮ್ಯಾಗ ಕಾಲಿಗೆ ನೀರು, ಆಮ್ಯಾಗ ಮಾತು. ಕೊಳ್ಳ ಹರಿಯಲಿಲ್ಲ ಅಂದ್ರ ಬಂದಾಂವ ಕುಂದ್ರಾಕ ಬಂದಿಲ್ಲ, ಸಂಬಂಧ ಬ್ಯಾಡ ಅಂತ ಹೇಳಿ ಹೊಳ್ಳಿ ಹೋಗಾಕ ಬಂದಾನ ಅಂತ ಅರ್ಥ. ಇದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ಎತ್ತ ಹೇಳತಾವ.

"ಬರ್ರಿ ಬೀಗರ, ಬರ್ರಿ," ಅಂದ ಸಂಗನಬಸಪ್ಪ. "ಕೊಳ್ಳ ಹರೀರಿ. ಅಂದ್ರ, ಮೋಟರು ಬಂದ್ ಮಾಡ್ರಿ."

"ಇರ್ಲಿ ಬಿಡ್ರಿ," ಅಂದ ಅಮರಗುಂಡಪ್ಪ ಇಳಕೋತ.

"ಇರ್ಲಿ ಅಂದ್ರ?"

"ಹಿಂಗ ಇರ್ಲಿ. ಚಲೋ ಕಾಣತೈತಿ."

ಚಲೋ ಏನು ಕಾಣತಿತ್ತೋ ಶಿವಗ ಗೊತ್ತು. ಮೋಟರು ಗಡಗಡ ನಡುಗಿ, ರಂಗೋಲಿ ಮ್ಯಾಲೆ ಹೊಗಿ ಬಿಟ್ಟು, ನಡುನಡುವ ಫಟ್ ಅಂತಿತ್ತು. ಓಣಿ ಮಂದಿ ಹೊರಗ ಬಂದ್ರು. ಬಾಜೂ ಮನ್ಯಾಕಿ ಇನ್ನೊಬ್ಬಾಕಿಗೆ ಅಂದಳು, "ಬಂದ್ ಮಾಡವಲ್ರು ನೋಡು. ಬ್ಯಾರೆ ಕಡೆ ಗಂಡು ನೋಡಿರಬೇಕು." ಆ ಇನ್ನೊಬ್ಬಾಕಿ ಮೂರನೇದಾಕಿಗೆ ಅಂದಳು, "ಗುರುಗುಂಟಾದಾಗ ಗಂಡು ನೋಡ್ಯಾರಂತ." ಆ ಮಾತು ಓಣಿ ಸುತ್ತಿ ನನ್ನ ಕಿವಿಗೆ ಬರೋ ಹೊತ್ತಿಗೆ ಗುರುಗುಂಟಾದ ಗಂಡಿಗೆ ಎರಡು ಮೋಟರು, ಒಂದು ಭತ್ತದ ಗಿರಣಿ ಆಗಿದ್ವು.

"ಬಂದ್ ಮಾಡಾಕ ಏನು ತ್ರಾಸು ಬೀಗರ?" ಸಂಗನಬಸಪ್ಪನ ದನಿ ಬದಲಾತು.

"ತ್ರಾಸಲ್ರಿ. ದೊಡ್ಡ ಊರಾಗ ಮರ್ಯಾದಸ್ಥರು ಮಂದಿ ಮನಿ ಮುಂದ ಮೋಟರು ಬಂದ್ ಮಾಡಂಗಿಲ್ಲ. ಬಂದ್ ಮಾಡಿದ್ರ ಆ ಮನಿಗೆ ಅಪಶಕುನ ಅಂತಾರ."

ಅಷ್ಟೊತ್ತಿಗೆ ಕಚೇರಿ ಜವಾನ ಓಡಿ ಬಂದ. "ಸಂಗನಬಸಪ್ಪಾರ, ಓಣ್ಯಾಗ ಹಿಟ್ಟಿನ ಗಿರಣಿ ಹಾಕೀರಿ, ಪರವಾನಗಿ ಎಲ್ಲೈತಿ ಅಂತ ತಹಸೀಲ್ದಾರ ಸಾಹೇಬರು ಕೇಳಾಕತ್ತಾರ." ಮೋಟರು ನೋಡಿದ. "ಇದು ಬೀಸಂಗಿಲ್ಲೇನು?" ಅಂದು ಹೊಳ್ಳಿ ಹೋದ.

ವೀರಭದ್ರಮ್ಮ ಹೊಸ್ತಿಲ ಮ್ಯಾಲಿಂದ ಎದ್ದಳು. "ನಮ್ಮ ಮನಿ ಅಪಶಕುನ ನಾವು ನೋಡ್ಕೋತೀವಿ. ನಿಂದ್ರಸ್ತೀರೋ ಇಲ್ಲೋ?"

ಅಮರಗುಂಡಪ್ಪ ಮಹಮ್ಮದಸಾಬನ ಮಾರಿ ನೋಡಿದ. ಮಹಮ್ಮದಸಾಬ ಆಕಾಶ ನೋಡಿದ. ನಾ ಅಡಕಿ ಎಣಿಸಾಕತ್ತೆ.

"ನೀರು ಒಳಗ ತಗೊಂಡು ನಡಿಯಬೇ," ಅಂದಳು ವೀರಭದ್ರಮ್ಮ ತಂಬಿಗಿ ಹುಡುಗಿಗೆ.

ಹುಡುಗಿ ಒಂದು ಕಾಲು ಎತ್ತಿ ಒಳಗಿಟ್ಟಿತು. ಕಂಬದ ಹಿಂದ ನಿಂತಿದ್ದ ಜಂಬಣ್ಣನ ಮಾರಿ ಉಪಾಸ ಬಿದ್ದಾವನಂಗ ಸೊರಗಿತು. ಅಷ್ಟರಾಗ ಮೋಟರಿಗೆ ಏನು ಕರುಣೆ ಬಂತೋ, ತಾನ ಒಮ್ಮೆ ಜೋರು ಬಿಕ್ಕಿ, ಫುಸ್ ಅಂತ ಉಸರು ಬಿಟ್ಟು ನಿಂತುಬಿಟ್ಟಿತು.

"ನೋಡ್ರಿ, ಹರದೀವಿ ಕೊಳ್ಳ," ಅಂದ ಅಮರಗುಂಡಪ್ಪ.

ತಂಬಿಗಿ ಹೊರಗ ಬಂತು. ಕಾಲು ತೊಳಕೊಂಡ್ವಿ, ಜಮಖಾನಿ ಮ್ಯಾಲೆ ಕುಂತ್ವಿ, ಹಾಲು ಕುಡದ್ವಿ. ಮನಿ ಚಲೋ ಇತ್ತು, ಮಂದಿ ಚಲೋ ಇದ್ರು. ಇನ್ನ ತಟ್ಟಿ ಮುಂದ ಸರಸಬೇಕು, ಅಷ್ಟರಾಗ ವೀರಭದ್ರಮ್ಮ ಕೈ ಅಡ್ಡ ಹಿಡದಳು.

"ವೀಳ್ಯ ತಡೀರಿ. ನಾ ಹುಟ್ಟಿದಾಗಿಂದ ಮೋಟರು ಹತ್ತಿಲ್ಲ. ಬೀಗರ ಮೋಟರಿನ್ಯಾಗ ಮಠದತನಕಾ ಒಂದು ಸುತ್ತು ಹೋಗಿ ಬಂದು, ಆಮ್ಯಾಗ ಬದಲಿ ಮಾಡೂಣು."

ನಾವು ಬಾಯಿ ತೆಗಿಯೋದ್ರಾಗ ಆಕಿ ಹೋಗಿ ಹಿಂದಿನ ಸೀಟಿನ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕುಂತಿದ್ದಳು. ಮಹಮ್ಮದಸಾಬ ಹ್ಯಾಂಡಲ್ ಹೊಡದ. ಮತ್ತ ಹೊಡದ. ಅಂಗಿ ತಗದು ಹೊಡದ. ಓಣಿ ಮಂದಿ ನೂಕಿದ್ರು. ಜಂಬಣ್ಣ ಎಲ್ಲಾರಿಗಿಂತ ಜೋರು ನೂಕಿದ. ಮೋಟರು ಮಠದತನಕಾ ಹೋತು, ಹೊಳ್ಳಿ ಮನಿತನಕಾ ಬಂತು, ಎಲ್ಲಾ ಮಂದಿ ನೂಕಿದ್ದರ ಮ್ಯಾಲೆ. ಒಂದು ಸಲಾನೂ ಹೊತ್ತಲಿಲ್ಲ.

ವೀರಭದ್ರಮ್ಮ ಒಳಗ ಕುಂತಲ್ಲಿಂದಾನ ಕೇಳಿದಳು, "ಈ ಮೋಟರು ಯಾವಾಗ ತಗೊಂಡಿದ್ದೋ ತಮ್ಮಾ?"

ಅಮರಗುಂಡಪ್ಪ ಕಣ್ಣು ಹೊಡದ. ಆದ್ರ ಬೆವರು ಹೊಕ್ಕ ಮಹಮ್ಮದಸಾಬನ ಕಣ್ಣಿಗೆ ಏನೂ ಕಾಣಲಿಲ್ಲ. "ಹೋದ ವಾರರಿ," ಅಂದ.

"ನಮ್ಮ ಮೋಟರು ಅಂತ ಇವರು ಹೇಳಿದ್ದು ಹೋದ ತಿಂಗಳು," ಅಂದ ಸಂಗನಬಸಪ್ಪ.

ನೂಕಾಕ ನಿಂತಿದ್ದ ಮಂದಿ ಒಬ್ಬೊಬ್ಬರ ಮೋಟರಿನ ಮ್ಯಾಲಿಂದ ಕೈ ತಗದ್ರು.

"ಇಲ್ಲದ ಮೋಟರು ಐತಿ ಅಂದ್ರಿ," ಅಂದಳು ವೀರಭದ್ರಮ್ಮ. "ಅಪಶಕುನ ಅಂತ ಇನ್ನೊಂದು ಸುಳ್ಳು ಹೇಳಿದ್ರಿ. ಹುಡುಗಿ ಸುದ್ದಿ ಹೇಳಿದ್ರಾಗ ಎಷ್ಟು ಖರೇ, ಎಷ್ಟು ಸುಳ್ಳು, ನಾ ಹೆಂಗ ತಿಳಕೊಳ್ಳಲಿ?"

ಅಮರಗುಂಡಪ್ಪ ತಲಿ ಮ್ಯಾಲಿನ ರುಮಾಲು ತಗದು ಕೈಯಾಗ ಹಿಡಕೊಂಡ. ಊರ ಮಂದಿಗೆಲ್ಲಾ ಮಾತು ಕೊಡಾಂವ ಅಂವ. ಅವತ್ತು ಅವನ ಕಣ್ಣಾಗ ನೀರು ನಿಂತದ್ದು ನಾ ನೋಡಿದೆ. ಮಸ್ಕ್ಯಾಗ ಅಂಬಮ್ಮ ಬಾಗಿಲು ನೋಡಿಕೋತ ಕುಂತಿರತಾಳ.

ಗುರುಲಿಂಗಮ್ಮಗ ಕಿವಿ ಸ್ವಲ್ಪ ಮಂದ, ಗದ್ದಲದಾಗ ಪೂರಾ ಕೇಳಂಗಿಲ್ಲ. ಈ ಜಗಳ ಅರ್ಧ ಕೇಳಿತ್ತು, ಅರ್ಧ ಇಲ್ಲ. ಆಕಿ ಕೋಲು ಊರಿಕೋತ ಮೋಟರಿನ ಹತ್ರ ಬಂದು, ಅದರ ಮೈ ಮ್ಯಾಲೆ ಕೈ ಆಡಿಸಿದಳು. "ಸುಮ್ಮನ ಯಾಕ ಬಡಿದಾಡ್ತೀರಿ? ಅವಸರದಾಗ ಹೊಂಟ್ವಿ, ಇವತ್ತು ಇದಕ್ಕ ತೀರ್ಥ ಕೊಟ್ಟಿಲ್ಲ. ಅದಕ್ಕ ಮುನಿಸಿಕೊಂಡೈತಿ. ನಿಮ್ಮ ಮನ್ಯಾಗ ಅಯ್ಯನವರ ಪಾದೋದಕ ಐತೇನ್ರಿ?"

ಯಾರೋ ಒಂದು ಬಟ್ಟಲದಾಗ ತಂದು ಕೊಟ್ರು. ಮುದುಕಿ ಸೀದಾ ಮೋಟರಿನ ಹಿಂದಕ ಹೋದಳು. ದಿನಾ ಮಾಡಿ ರೂಢಿ ಇದ್ದಾಕಿ ಹಂಗ ಪೆಟ್ರೋಲ್ ಟಾಕಿ ಬಿರಡಿ ತಿರುವಿ ತಗದಳು. ಶಿವ ಶಿವ ಅಂತ ಬಟ್ಟಲ ಪೂರಾ ಸುರುವಿದಳು.

ಮಹಮ್ಮದಸಾಬ ಹ್ಯಾಂಡಲ್ ಕೈಬಿಟ್ಟು ನೆಲದ ಮ್ಯಾಲೆ ಕುಂತ. "ಅವ್ವಾರ. ಇದು ಎಷ್ಟು ದಿನದಿಂದ?"

"ಅಯ್ಯನವರು ಮನಿ ಮಗಾ ಅಂದ ದಿನದಿಂದ. ಮೊದಲನೇ ದಿನ ತುಂಬ ಗಿಂಡಿ, ಕೋಳಿ ಹೋಗಲಿ ಅಂತ. ಆಮ್ಯಾಗ ದಿನಾ ಅರ್ಧ. ಪಾಪ, ಮೂಕ ಜೀವ, ಬಾಯಿಬಿಟ್ಟು ಕೇಳಂಗಿಲ್ಲ."

ಪಾದೋದಕದಿಂದ ಮೋಟರು ಕೆಟ್ಟಿತು ಅನ್ನಾಕ ಅಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಅಂದ್ರ ಪಾಪ, ಅನ್ನದಿದ್ರ ಮೋಟರು ಏಳಂಗಿಲ್ಲ. ಎಲ್ಲಾರೂ ವೀರಭದ್ರಮ್ಮನ ಮಾರಿ ನೋಡಿದ್ರು. ಆಕಿ ಮೋಟರಿನ ಕಿಡಕ್ಯಾಗಿಂದ ತಲಿ ಹೊರಗ ಹಾಕಿ, ಮುದುಕಿ ಕಿವಿ ಹತ್ರ ಜೋರು ಕೇಳಿದಳು.

"ದಿನಾ ಕೊಡತಿದ್ರೇನು? ಮೊದಲು ಯಾರಿಗೆ?"

"ಮನಿ ಮಂದಿಗೆ, ದನಕ್ಕ, ಇದಕ್ಕ. ಉಳದ್ರ ನನಗ."

"ಹುಡುಗಿ ಯಾರ ಕೈಯಾಗ ಬೆಳದಾಳ?"

"ನನ್ನ ಕೈಯಾಗ. ಆಕಿ ತಾಯಿ ಹೋದಾಗ ಇನ್ನೂ ಹಾಲು ಬಿಟ್ಟಿರಲಿಲ್ಲ."

ವೀರಭದ್ರಮ್ಮ ಸೆರಗು ಸರಿ ಮಾಡಿಕೊಂಡಳು. ಆಮ್ಯಾಗ ಮಗನ ಕಡೆ ತಿರುಗಿದಳು. "ಸಂಗನಬಸಪ್ಪ, ಇವರಪ್ಪನ ಮಾತು ಸುಳ್ಳಿರಲಿ. ಅಂವ ಏನು ನಮ್ಮ ಮನಿಗೆ ಬಾಳೇವಕ್ಕ ಬರ್ತಾನ? ಇಲ್ಲದ ಮೋಟರು ಐತಿ ಅಂದಾಂವ ಅಂವ, ಮೋಟರಿಗೂ ಉಪಾಸ ಇಡದಾಕಿ ಈಕಿ. ಈಕಿ ಬೆಳಸಿದ ಹುಡುಗಿ ನಮ್ಮ ಮನಿಗೆ ಬರಬೇಕು. ತಟ್ಟಿ ಇಲ್ಲೇ ತರ್ರಿ."

ವೀಳ್ಯ ಬದಲಾಗಿದ್ದು ಆ ನಿಂತ ಮೋಟರಿನ ಹಿಂದಿನ ಸೀಟಿನ್ಯಾಗ, ಇಬ್ಬರು ಮುದುಕ್ಯಾರ ನಡುವ. ಅಡಕಿ ಹಾರಲಿಲ್ಲ, ಮೋಟರು ತಣ್ಣಗ ನಿಂತಿತ್ತು.

ಹೊಳ್ಳಿ ಬರುವಾಗ ಬೀಗರು ತಮ್ಮ ಎತ್ತು ಕಟ್ಟಿ ಕೊಟ್ರು. ಮುಂದ ಎರಡು ಬಿಳಿ ಎತ್ತು, ಅವನ್ನ ಹೊಡಿಯಾಕ ಬೀಗರ ಆಳು, ಹಿಂದ ಹಗ್ಗಕ್ಕ ಬಿಗದ ಮೋಟರು. ಮೋಟರಿನ್ಯಾಗ ರುಮಾಲು ಸರಿ ಮಾಡಿಕೋತ ಅಮರಗುಂಡಪ್ಪ. ಹೋಗುವಾಗಿನಕ್ಕಿಂತ ಬರುವಾಗ ಮೈ ನೋವು ಕಮ್ಮಿ. ದಾರ್‍ಯಾಗ ಆ ಕೈ ಮಾಡಿದ ಮನುಷ್ಯಾ ಮತ್ತ ಸಿಕ್ಕ. "ಈಗ ನಿಂದ್ರಸಾಕ ಬರತೈತಿ, ಹತ್ತಪಾ," ಅಂತ ಹತ್ತಿಸಿಕೊಂಡ್ವಿ.

ಮಸ್ಕ್ಯಾಗ ಅಂಬಮ್ಮ ಬಾಗಿಲ್ದಾಗ ನಿಂತಿದ್ದಳು. ಮೊದಲು ಎತ್ತು ನೋಡಿದಳು, ಆಮ್ಯಾಗ ಹಗ್ಗ ನೋಡಿದಳು, ಮಾರಿ ಬಿಳಿಚಿತು.

ಅಮರಗುಂಡಪ್ಪ ಇಳದು, ಬೀಗರ ಆಳಿಗೆ ಊರಿಗೆಲ್ಲಾ ಕೇಳೋ ಹಂಗ ಹೇಳಿದ, "ಕೊಳ್ಳ ಹರೀಪಾ. ನಮ್ಮ ಬೀಗರ ಎತ್ತು ಅವು." ಹುಡುಗಿ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗ ಓಡಿತು. ಆಮ್ಯಾಗ ಹಾಡು ಕೇಳಬಹುದು ಅಂತ ನಾ ಅಂಗಡಿ ಬಾಗಿಲು ಹಾಕಲಿಲ್ಲ. ಕೇಳ್ತು.

ಮರದಿನ ಮಹಮ್ಮದಸಾಬ ಟಾಕಿ ಬರಿದು ಮಾಡಿದ. ಪೆಟ್ರೋಲಿನ ತಳಕ್ಕ ನೀರು, ನೀರಿನ ತಳಕ್ಕ ವಿಭೂತಿ. ತೊಳದು, ಒಣಗಿಸಿ, ಹೊಸಾ ಪೆಟ್ರೋಲ್ ಹಾಕಿ ಒಂದು ಹ್ಯಾಂಡಲ್ ಹೊಡದ, ಮೋಟರು ಸಿಂಧನೂರಿಂದ ಬಂದ ದಿನದಂಗ ಎದ್ದಿತು. ಅಷ್ಟರಾಗ ಗುರುಲಿಂಗಮ್ಮ ಗಿಂಡಿ ಹಿಡಕೊಂಡು ಬಂದಳು. ಮಹಮ್ಮದಸಾಬ ಓಡಿ ಹೋಗಿ ಟಾಕಿ ಬಿರಡಿಗೆ ಬೆನ್ನು ಕೊಟ್ಟು ನಿಂತ. ಬ್ಯಾಡ ಅಂತ ಹೇಳಾಕ ಅವನಿಗೂ ಬಾಯಿ ಬರವಲ್ದು. ಕಡೀಕ ಮುದುಕಿ ಕೈ ಹಿಡದು ಮೋಟರಿನ ಮುಂದಕ ಕರಕೊಂಡು ಹೋದ. ಮುಂದಿನ ಮೂಗಿನ ಮ್ಯಾಲೆ ಇಂಜಿನ್ನು ತಣ್ಣಗ ಇಡೋ ನೀರಿನ ಟಾಕಿ ಇತ್ತು. ಅದರ ಬಿರಡಿ ತಗದು ತೋರಿಸಿದ.

"ಅವ್ವಾರ, ಇದರ ನೀರು ಕುಡಿಯೋ ಬಾಯಿ ಇಲ್ಲೈತ್ರಿ. ಗಿಂಡಿ ತುಂಬ ಹಾಕ್ರಿ, ಬೇಕಾದ್ರ ಕೊಡ ತುಂಬ ಹಾಕ್ರಿ."

ಮುದುಕಿ ಆ ಬಾಯಿ ಬಗ್ಗಿ ನೋಡಿದಳು. ಆಮ್ಯಾಗ ಹಿಂದಿನ ಕಡೆ ಒಮ್ಮೆ ನೋಡಿದಳು. ಮತ್ತ ಮಹಮ್ಮದಸಾಬನ್ನ ನೋಡಿದಳು.

"ಹಂಗಾದ್ರ ಇಷ್ಟು ದಿನಾ ನಾ ಇದಕ್ಕ ಎಲ್ಲಿಂದ ಕುಡಿಸಿದೆನೋ ಮಹಮ್ಮದಸಾಬ?" ಅಂದಳು. "ಮೊದಲ ಹೇಳಬಾರದೇನೋ? ಯಾವ ಜೀವಕ್ಕಾದ್ರೂ ಅಲ್ಲಿಂದ ಕುಡಿಸಿದ್ರ ಬಿಕ್ಕದ ಏನು ಮಾಡತೈತಿ?"